ಪೇಟೆ ಬರಿದಾದರೆ ನಷ್ಟ ಯಾರಿಗೆ?



ತುಮಕೂರಿನ ಮಂಡಿಪೇಟೆ, ಚಿಕ್ಕಪೇಟೆಗಳ ಮಾತೆತ್ತಿದರೆ ಹಿರಿಯರು ಅಲ್ಲಿನ ಹಳೆಯ ಗದ್ದಲವನ್ನು ನೆನೆಯುತ್ತಾರೆ. ಯುವಕರು ಗಾಡಿ ನಿಲ್ಲಿಸಲು ಜಾಗವಿಲ್ಲ ಎನ್ನುತ್ತಾರೆ. ಪೇಟೆ ಕಳೆಗುಂದುವುದನ್ನು ಕೆಲವರು ವಿಧಿಯೆಂದೂ ಕೆಲವರು ಮೊಬೈಲಿನ ಮಹಿಮೆಯೆಂದೂ ಭಾವಿಸಿದ್ದಾರೆ. ಆದರೆ ಸರಕು ಮತ್ತು ಜನ ಎಲ್ಲಿ ತಂಗುತ್ತಾರೋ ಅಲ್ಲಿ ಪೇಟೆ ಬೆಳೆಯುತ್ತದೆ. ಎಲ್ಲಿ ತಂಗಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರೇ.

ಗುಬ್ಬಿಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಅದು ದೊಡ್ಡ ವಾರದ ಸಂತೆಯ ಊರು. ನಗರ ಮಲೆನಾಡಿನ ಅಡಿಕೆ ವಾಲಾಜಾಪೇಟೆಗೂ ಬೆಂಗಳೂರಿಗೂ ಹೋಗುವಾಗ ನಡುವೆ ಕೈ ಬದಲಾಯಿಸುತ್ತಿದ್ದ ಸ್ಥಳವದು. ಎತ್ತಿನ ಮೇಲೆ, ಗಾಡಿಯ ಮೇಲೆ ಬಂದ ಸರಕಿಗೆ ಅಲ್ಲಿ ವಿಶ್ರಾಂತಿ ಬೇಕಿತ್ತು. ವಿಶ್ರಾಂತಿಯಿಂದ ವ್ಯಾಪಾರ ಹುಟ್ಟಿತು. ರೈಲು, ಲಾರಿಗಳು ಬಂದ ಮೇಲೆ ಮಲೆನಾಡಿನ ಮೂಟೆ ಗುಬ್ಬಿಯಲ್ಲಿ ಇಳಿಯಲೇಬೇಕೆಂಬ ಅಗತ್ಯ ಉಳಿಯಲಿಲ್ಲ.

ಕುಣಿಗಲ್‌ನ ಪಾಠವೂ ಇದೇ. ಬೆಂಗಳೂರು–ಹಾಸನ ಹೆದ್ದಾರಿ ಈಗ ಊರನ್ನು ಬಳಸಿಕೊಂಡು ಹೋಗುತ್ತದೆ. ಪ್ರಯಾಣಿಕನಿಗೆ ಸಮಯ ಉಳಿಯಿತು, ಅಪಘಾತದ ಭಯ ತಗ್ಗಿತು, ಇದು ಒಳ್ಳೆಯದೇ. ಆದರೆ ಹಾದುಹೋಗುವವನು ಇಳಿದು ಕೊಳ್ಳುತ್ತಿದ್ದ ಚಹಾ, ಹಣ್ಣುಗಳ ವ್ಯಾಪಾರಕ್ಕೆ ಬದಲಿಯನ್ನು ಯಾರು ಯೋಚಿಸಿದರು? 2017ರಲ್ಲಿ ರೈಲೂ ಬಂತು. ಅದು ಊರಿಗೆ ಗಿರಾಕಿಯನ್ನು ಕರೆತರುವಷ್ಟೇ ಸುಲಭವಾಗಿ ಊರಿನ ಗಿರಾಕಿಯನ್ನು ರಾಜಧಾನಿಗೂ ಒಯ್ಯುತ್ತದೆ.

ತುಮಕೂರಿನಲ್ಲಿ ಮಂಡಿಪೇಟೆಯ ಹೆಸರೇ ಸಗಟು ವ್ಯಾಪಾರವನ್ನು ಸಾರುತ್ತದೆ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯು ಸಗಟು ವಹಿವಾಟನ್ನು ನಿಯಂತ್ರಿತ ಪ್ರಾಂಗಣಕ್ಕೆ ತಂದಿತು. ತರಕಾರಿಯ ಸಗಟು ಹೆದ್ದಾರಿ ಬದಿಯ ಅಂತರಸನಹಳ್ಳಿಯಲ್ಲಿ ನಡೆಯುತ್ತದೆ. ತೂಕ ಮತ್ತು ದಲಾಲಿಯಲ್ಲಿನ ಅನ್ಯಾಯದಿಂದ ರೈತನನ್ನು ಕಾಪಾಡುವ ಉದ್ದೇಶ ನ್ಯಾಯವಾದುದೇ. ಆದರೆ ಸಗಟು ಊರಾಚೆ ಹೋದಾಗ ಅದರ ಬೆನ್ನಿಗಿದ್ದ ಹಮಾಲಿ, ಗೋಣಿಚೀಲ ಹೊಲಿಯುವವನು, ಗಾಡಿಯವನು, ಹೋಟೆಲಿನವನು ಎಲ್ಲರೂ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಇಂತಹ ಕಸುಬುಗಳಲ್ಲಿ ನಮ್ಮ ಸಮುದಾಯದ ಬಡವರು ಬಹಳ. ಬಳಿಕ 2016ರ ನೋಟು ಅಮಾನ್ಯೀಕರಣ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಒಂದರ ಹಿಂದೆ ಒಂದು ಬಂದವು. 2016ರಲ್ಲೇ ನಗರವು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಕಾಮಗಾರಿಗಾಗಿ ರಸ್ತೆಗಳನ್ನು ಅಗೆಯಲಾಯಿತು. ರಸ್ತೆ ಅಗೆದಿದ್ದರೂ ಅಂಗಡಿಯ ಬಾಡಿಗೆ ನಿಲ್ಲುವುದಿಲ್ಲವಲ್ಲ!

ಸಹೋದರರೇ, ಪೇಟೆಯೆಂದರೆ ಬರಿಯ ಅಂಗಡಿಗಳ ಸಾಲಲ್ಲ. ಕೂಲಿ ಸಿಗದ ವಾರದಲ್ಲಿ ವಿಧವೆಯೊಬ್ಬಳಿಗೆ ಅಕ್ಕಿಯನ್ನು ಉದ್ರಿ ಕೊಡುವವನು ಪರಿಚಯದ ಅಂಗಡಿಯವನು. ಮಾಲ್‌ನ ಯಂತ್ರಕ್ಕೆ ಆಕೆಯ ಮುಖದ ಪರಿಚಯವಿಲ್ಲ. ಲಿಂಗಾಯತರ ಕಿರಾಣಿ, ಶೆಟ್ಟರ ಬಟ್ಟೆ, ಸಾಹೇಬರ ಹಣ್ಣು ಒಂದೇ ಬೀದಿಯಲ್ಲಿದ್ದಾಗ ಲೆಕ್ಕದ ಪುಸ್ತಕವೇ ಸೌಹಾರ್ದದ ಪುಸ್ತಕವಾಗುತ್ತದೆ. 2022ರಲ್ಲಿ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಕೂಗೆದ್ದುದನ್ನು ನಾವು ಮರೆತಿಲ್ಲ. ಒಬ್ಬರ ಅಂಗಡಿಗೆ ಇನ್ನೊಬ್ಬರು ನಿತ್ಯ ಹೋಗುವ ಬೀದಿ ಬರಿದಾದರೆ ಅಂತಹ ಕೂಗಿಗೆ ಉತ್ತರ ಹೇಳುವವರೂ ಇಲ್ಲವಾಗುತ್ತಾರೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಕಾನೂನನ್ನು ತಿಳಿಯಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವ ತನಕ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆ ಸ್ಥಾನಗಳಲ್ಲಿ ಯಾರು ಕುಳಿತಿದ್ದಾರೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಎರಡನೆಯದಾಗಿ, ಮೊಹಲ್ಲಾ ಮಟ್ಟದಲ್ಲಿ ಬಡ್ಡಿರಹಿತ ಸಾಲದ ನಿಧಿಯನ್ನು ಕಟ್ಟಬೇಕು. ಬೆಳಿಗ್ಗೆ ಪಡೆದ ಸಾಲಕ್ಕೆ ಸಂಜೆ ಬಡ್ಡಿ ಕಟ್ಟುವ ತಳ್ಳುಗಾಡಿಯವನು ಯಾವ ಪೈಪೋಟಿಯನ್ನು ಎದುರಿಸಬಲ್ಲ? ಮೂರನೆಯದಾಗಿ, ಮದುವೆಯ ಬಟ್ಟೆಗೆಂದು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ವಾಹನ ಹೂಡುವ ಮುನ್ನ ನಮ್ಮೂರ ಅಂಗಡಿಯನ್ನೊಮ್ಮೆ ಹತ್ತಿ ನೋಡಬೇಕು.

ವ್ಯಾಪಾರಿಗಳಿಗೂ ಒಂದು ಮಾತು. ಗಿರಾಕಿಯ ಅಭಿಮಾನವೊಂದನ್ನೇ ನಂಬಿ ಬದುಕಲಾಗದು. ನಿಶ್ಚಿತ ಬೆಲೆ, ಸರಿಯಾದ ತೂಕ, ಕೊಟ್ಟ ರಸೀದಿ, ಮಹಿಳೆಯರಿಗೆ ಮರ್ಯಾದೆಯ ಮಾತು, ಫುಟ್‌ಪಾತಿಗೆ ಸರಕು ಹರಡದ ಶಿಸ್ತು ಇವು ನಿಮ್ಮ ಕೈಯಲ್ಲೇ ಇವೆ. ವಾಹನ ನಿಲ್ದಾಣ, ಶೌಚಾಲಯಗಳನ್ನು ಪಾಲಿಕೆಯಿಂದ ಎಲ್ಲ ಸಮುದಾಯದ ವರ್ತಕರೂ ಒಟ್ಟಾಗಿ ಕೇಳಿ ಪಡೆಯಬೇಕು. ದಾರಿ ಬದಲಾದಾಗ ಪೇಟೆಯ ಭವಿಷ್ಯವೂ ಬದಲಾಗುತ್ತದೆ. ಮುಂದಿನ ದಾರಿಯ ನಕ್ಷೆ ಬರೆಯುವ ಮೇಜಿನ ಮುಂದೆ ನಮಗೂ ಒಂದು ಕುರ್ಚಿಯಿರಲಿ.