ಹಳೆಯ ಪಂದ್ಯದ ಗಾಡಿ, ಊರಿನ ರಸ್ತೆ



ಕೃಷ್ಣಮೂರ್ತಿಪುರದ ಹಳೆಯ ಮನೆಯೊಂದರ ಹಿತ್ತಿಲಲ್ಲಿ, ಹಿಂದೆ ದನದ ಕೊಟ್ಟಿಗೆಯಾಗಿದ್ದ ಮಾಡಿನ ಕೆಳಗೆ, ನನ್ನ ಮಿತ್ರರೊಬ್ಬರ ಮೋಟಾರು ಗಾಡಿಯೊಂದು ನಿಂತಿದೆ. ಅದರ ಹೆಸರು ಎಂ. ಜಿ. ಟಿ. ಸಿ. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನಲ್ಲಿ 1945ರಿಂದ 1949ರವರೆಗೆ ತಯಾರಾದ ಸುಮಾರು ಹತ್ತು ಸಾವಿರ ಗಾಡಿಗಳಲ್ಲಿ ಇದೂ ಒಂದು. ಇಬ್ಬರಿಗೆ ಮಾತ್ರ ಸ್ಥಳ. ತಂತಿಯ ಕಡ್ಡಿಗಳುಳ್ಳ ಎತ್ತರದ ಚಕ್ರಗಳು. ನಾಲ್ಕು ಸಿಲಿಂಡರಿನ, 1250 ಸಿ. ಸಿ. ಎಂಜಿನ್ನು. ಈಗಿನ ಸಾಧಾರಣ ಸಂಸಾರದ ಕಾರು ಇದನ್ನು ಅನಾಯಾಸವಾಗಿ ಹಿಂದೆ ಹಾಕಬಲ್ಲದು. ಆದರೂ ಇದರ ಒಡಹುಟ್ಟುಗಳು ಒಂದು ಕಾಲಕ್ಕೆ ಪಂದ್ಯದ ಗಾಡಿಗಳಾಗಿದ್ದುವು.

ಅಮೆರಿಕದ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ವಾಟ್ಕಿನ್ಸ್ ಗ್ಲೆನ್ ಎಂಬ ಸಣ್ಣ ಊರಿದೆ. ಕ್ಯಾಮರಾನ್ ಆರ್ಗೆಟ್ಸಿಂಗರ್ ಎಂಬ ಕಾನೂನು ವಿದ್ಯಾರ್ಥಿಯ ಉತ್ಸಾಹದಿಂದ 1948ನೆಯ ಅಕ್ಟೋಬರ್ 2ರಂದು ಅಲ್ಲಿ ಪಂದ್ಯವೊಂದು ನಡೆಯಿತು. ಪ್ರತ್ಯೇಕವಾದ ಪಂದ್ಯದ ಅಂಗಳವೇನೂ ಇರಲಿಲ್ಲ. ಜನರು ನಿತ್ಯ ಓಡಾಡುವ ರಸ್ತೆಗಳೇ ಅದರ ಮಾರ್ಗ. ನ್ಯಾಯಸ್ಥಾನದ ಮುಂದೆ ಹೊರಟು, ಗುಡ್ಡವನ್ನೇರಿ, ಕಲ್ಲಿನ ಸೇತುವೆಯನ್ನೂ ರೈಲು ಹಳಿಯನ್ನೂ ದಾಟಿ, ಮತ್ತೆ ಪೇಟೆಯ ಬೀದಿಗೆ ಇಳಿಯುವ 6.6 ಮೈಲಿಗಳ ಸುತ್ತು ಅದು. ಆರ್ಗೆಟ್ಸಿಂಗರ್ ತಾವೇ ಒಂದು ಟಿ. ಸಿ. ಗಾಡಿಯನ್ನು ನಡೆಸಿದರು.

ಇಂಥ ಗಾಡಿಯನ್ನು ನಡೆಸುವುದು ಒಂದು ವಿದ್ಯೆಯೆಂದೇ ಹೇಳಬೇಕು. ಮೊದಲನೆಯ ಗಿಯರಿಗೆ ಹಲ್ಲುಗಳನ್ನು ಸಮವೇಗಕ್ಕೆ ತಂದುಕೊಡುವ ಏರ್ಪಾಡಿಲ್ಲ. ಕ್ಲಚ್ಚನ್ನು ಒತ್ತಿ ಗಿಯರನ್ನು ಬಿಡಿಸಬೇಕು; ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ವೇಗವನ್ನು ಕ್ಷಣಕಾಲ ಏರಿಸಬೇಕು; ಮರಳಿ ಕ್ಲಚ್ಚನ್ನು ಒತ್ತಿ ಕೆಳಗಿನ ಗಿಯರಿಗೆ ತರಬೇಕು. ಕಿವಿ ತಪ್ಪಿದರೆ ಹಲ್ಲುಗಳು ಕರಕರನೆ ಕೂಗಿ ತಪ್ಪನ್ನು ಸಾರುತ್ತವೆ. ಬ್ರೇಕುಗಳು ಡ್ರಮ್ಮಿನವು, ಇಳಿಜಾರಿನಲ್ಲಿ ಅವುಗಳನ್ನೇ ನಂಬಿದರೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದುದರಿಂದ ಹತ್ತಿದ ಗಿಯರಿನಲ್ಲಿಯೇ ಇಳಿಯಬೇಕೆಂಬುದು ಹಿರಿಯರ ಮಾತು.

ಒಂದು ಭಾನುವಾರ ಬೆಳಗಿನ ಜಾವ, ಮಿತ್ರರ ಅನುಮತಿ ಪಡೆದು, ಈ ಗಾಡಿಯನ್ನು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆನು. ಎಂಜಿನ್ನಿನ ನಾದ ಬಂಡೆಗಳಿಗೆ ತಾಗಿ ಹಿಂದಿರುಗುತ್ತಿತ್ತು. ಎರಡು ತಿರುವುಗಳು ಸೊಗಸಾಗಿ ಸಾಗಿದುವು. ಮೂರನೆಯದಕ್ಕೆ ನನ್ನ ತಲೆಯಲ್ಲಿ ವಾಟ್ಕಿನ್ಸ್ ಗ್ಲೆನ್ ತುಂಬಿತ್ತು. ಸಲ್ಲದ ವೇಗದಲ್ಲಿ ತಿರುಗಿಸಿದೆ. ಎದುರಿಗೆ ಹೂವಿನ ಬುಟ್ಟಿ ಹಿಡಿದ ಮುದುಕಿ, ಅವಳ ಸೆರಗು ಹಿಡಿದ ಮೊಮ್ಮಗು! ಗಾಡಿ ಅಡ್ಡಲಾಗಿ ಜಾರಿ, ಅವರಿಂದ ಎರಡು ಮಾರು ದೂರದಲ್ಲಿ ನಿಂತಿತು. ನನ್ನ ಕೈಕಾಲು ನಡುಗುತ್ತಿದ್ದುವು. ಮುದುಕಿ ಗದರಿಸಲಿಲ್ಲ. “ತಾಯಿ ಎಲ್ಲಿಗೂ ಹೋಗೋದಿಲ್ಲಪ್ಪ, ನಿಧಾನವಾಗಿ ಬಾ” ಎಂದು, ಮಗುವಿನ ಕೈ ಹಿಡಿದು ಮುಂದೆ ನಡೆದಳು.

ವಾಟ್ಕಿನ್ಸ್ ಗ್ಲೆನ್ನಿನ ಮುಂದಿನ ಕಥೆ ನನಗೆ ನೆನಪಾದದ್ದು ಆಗಲೇ. 1950ರಲ್ಲಿ ಸ್ಯಾಮ್ ಕಾಲಿಯರ್ ಎಂಬ ಚಾಲಕರು ಅಲ್ಲಿ ಮಡಿದರು. ತಿಳಿದೇ ಅಪಾಯಕ್ಕೆ ಒಡ್ಡಿಕೊಂಡವರು ಅವರು. ಆದರೆ 1952ರಲ್ಲಿ ಗಾಡಿಯೊಂದು ಪ್ರೇಕ್ಷಕರಿಗೆ ತಾಗಿ ಏಳು ವರ್ಷದ ಬಾಲಕನೊಬ್ಬನು ತೀರಿಕೊಂಡನು, ಅನೇಕರಿಗೆ ಗಾಯಗಳಾದುವು. ಆ ಮಗು ಯಾವ ಪಣವನ್ನೂ ಒಡ್ಡಿರಲಿಲ್ಲ. ಪಂದ್ಯವು ಪೇಟೆಯ ಬೀದಿಯನ್ನು ಬಿಟ್ಟು ಹೊರಗೆ ಹೋಯಿತು. 1956ರಲ್ಲಿ ಅದಕ್ಕೆಂದೇ ಬೇರೆಯ ಮಾರ್ಗ ಸಿದ್ಧವಾಯಿತು.

ಹಳೆಯ ಸುತ್ತಿನ ರಸ್ತೆಗಳು ಈಗಲೂ ಅಲ್ಲಿವೆ. ಸೆಪ್ಟೆಂಬರ್ ತಿಂಗಳ ಉತ್ಸವದಲ್ಲಿ ಹಳೆಯ ಗಾಡಿಗಳು ಅವುಗಳ ಮೇಲೆ ಸಾಗುತ್ತವೆ. ಸೋಲುಗೆಲವುಗಳ ಲೆಕ್ಕವಿಲ್ಲ, ಅದು ಸ್ಮರಣೆಯ ಮೆರವಣಿಗೆ. ಗಾಡಿಗೂ ಊರಿಗೂ ಅದರಿಂದ ಗೌರವವೇ ಹೊರತು ಕುಂದಿಲ್ಲ.

ಬೆಟ್ಟದಿಂದ ಎರಡನೆಯ ಗಿಯರಿನಲ್ಲಿ ಇಳಿದು ಬಂದೆನು. ಕೃಷ್ಣಮೂರ್ತಿಪುರದ ಬೀದಿಗಳಲ್ಲಿ ಆಗ ರಂಗೋಲಿ ಹಾಕುತ್ತಿದ್ದರು. ರಂಗೋಲಿಗಳ ಅಂಚಿನಲ್ಲಿ, ನಡಿಗೆಯ ವೇಗದಲ್ಲಿ, ಒಂದು ಗೆರೆಯನ್ನೂ ಅಳಿಸದಂತೆ ಗಾಡಿಯನ್ನು ಮಾಡಿನವರೆಗೆ ಕೊಂಡೊಯ್ದೆ. ಆ ಬೆಳಿಗ್ಗೆ ನಾನು ಗಾಡಿಯನ್ನು ಸರಿಯಾಗಿ ನಡೆಸಿದ್ದು ಆ ಕಡೆಯ ಇನ್ನೂರು ಗಜಗಳಲ್ಲಿ ಮಾತ್ರವೆಂದು ನನಗೆ ತೋರುತ್ತದೆ.