ಪರದೇಶದ ಪೇಟೆ, ನಮ್ಮ ಹೊಲ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಫ್ತು ಅಂದ ಕೂಡಲೇ ಅದು ದೊಡ್ಡವರ ವ್ಯವಹಾರ, ನಮಗೇನು ಅಂತ ಅಂದುಕೊಳ್ಳಬೇಡಿ. ನಾವು ಪರದೇಶದ ಪೇಟೆಗೆ ಹೋಗದಿದ್ದರೂ ಆ ಪೇಟೆಯೇ ನಮ್ಮ ಹೊಲಕ್ಕೆ ಬಂದು ಕೂತಿದೆ. ಮಿಡಿಸೌತೆಯನ್ನೇ ನೋಡಿ.

1990ರ ದಶಕದ ಆರಂಭದಲ್ಲಿ ಈ ಬೆಳೆ ನಮ್ಮ ಕರ್ನಾಟಕದಲ್ಲಿ ಶುರುವಾಯಿತು. ಆಮೇಲೆ ತಮಿಳುನಾಡು, ಆಂಧ್ರಕ್ಕೆ ಹೋಯಿತು. ಇದನ್ನು ನಾವು ತಿನ್ನೋದಿಲ್ಲ, ನಮ್ಮ ಸಂತೆಯಲ್ಲಿ ಕೇಳುವವರೂ ಇಲ್ಲ. ವಿನೆಗರ್‌ನಲ್ಲಿ ನೆನೆಹಾಕಿ, ಡ್ರಮ್ಮು ಬಾಟಲಿಗಳಿಗೆ ತುಂಬಿ ಅಮೆರಿಕ, ಫ್ರಾನ್ಸ್, ಜರ್ಮನಿಗೆ ಕಳಿಸುತ್ತಾರೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2020-21ರಲ್ಲಿ ಎರಡು ಲಕ್ಷ ಟನ್‌ಗೂ ಮಿಕ್ಕಿ ಹೋಗಿದೆ, 20 ಕೋಟಿ ಡಾಲರಿಗೂ ಹೆಚ್ಚು ಬಂದಿದೆ. ಬೆಳೆಯುವವರು ಕರಾರಿನ ಮೇಲೆ ದುಡಿಯುವ ಸುಮಾರು 90,000 ಸಣ್ಣ ರೈತರು.

ಅಷ್ಟು ಮುಂದುವರಿದ ದೇಶದವರು ನಮ್ಮಿಂದ ಯಾಕೆ ತರಿಸುತ್ತಾರೆ? ಈ ಕಾಯನ್ನು ದಿನಾ ಕೈಯಲ್ಲೇ ಬಿಡಿಸಬೇಕು. ಅಲ್ಲಿ ಆ ಕೂಲಿ ದುಬಾರಿ. ಚಳಿಗಾಲದಲ್ಲಿ ಅವರ ಬಯಲಲ್ಲಿ ಬೆಳೆ ಬರೋದಿಲ್ಲ. ನಮ್ಮಲ್ಲಿ ನೀರಿದ್ದರೆ ವರ್ಷವಿಡೀ ಬರುತ್ತೆ. ಅಂದರೆ ಅವರು ಕೊಳ್ಳುತ್ತಿರುವುದು ನಮ್ಮ ಬಿಸಿಲನ್ನು, ನಮ್ಮ ಮನೆ ಹೆಣ್ಣುಮಕ್ಕಳ ದುಡಿಮೆಯನ್ನು. ಇದನ್ನು ಕಂಪನಿಯವರು ಮೊದಲೇ ಕಂಡುಕೊಂಡರು. ನಾವು ಮಾತ್ರ ನಮ್ಮ ಬೆಲೆ ಕಂಡುಕೊಳ್ಳಲಿಲ್ಲ.

ನಾನೂ ಅರ್ಧ ಎಕರೆ ಹಾಕಿದ್ದೆ. ಬೀಜ, ಗೊಬ್ಬರ, ಔಷಧಿ ಎಲ್ಲಾ ಕಂಪನಿಯದೇ, ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಕಾಯಿ ಸಣ್ಣದಾದಷ್ಟೂ ದರ ಹೆಚ್ಚು. ಒಂದು ಸಲ ಎರಡು ದಿನ ಗಾಡಿಯೇ ಬರಲಿಲ್ಲ. ಬಿಡಿಸಿದ್ದು ಬಾಡಿತು, ಬಳ್ಳಿಯಲ್ಲಿದ್ದದ್ದು ಬಲಿತುಹೋಯಿತು. ಮೂರನೇ ದಿನ ಬಂದವನು ತೂಕಕ್ಕೇ ಹಾಕಲಿಲ್ಲ. ಎಲ್ಲಾ ಎಮ್ಮೆಗೆ ಸುರಿದೆ. ಔಷಧಿ ಸಾಲದಲ್ಲಿ ಮಾತ್ರ ಒಂದು ಪೈಸೆ ಬಿಡಲಿಲ್ಲ. ಕರಾರು ಇಂಗ್ಲಿಷಿನಲ್ಲಿತ್ತು. ಓದಿಸಿ ನೋಡಿದರೆ ನನ್ನ ತಪ್ಪಿಗೆ ದಂಡ ಇತ್ತು, ಅವರ ತಪ್ಪಿಗೆ ಏನೂ ಇರಲಿಲ್ಲ. ರುಜು ಹಾಕಿದವನು ನಾನೇ.

ಇನ್ನು ಔಷಧಿಯ ಮಾತು. ಪ್ರತ್ಯೇಕ ಮಿತಿ ಗೊತ್ತುಮಾಡಿಲ್ಲದ ಕೀಟನಾಶಕದ ಶೇಷ ಕೆಜಿಗೆ 0.01 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ಯುರೋಪಿನ ಕಾನೂನು. ಹತ್ತು ಕೋಟಿಯಲ್ಲಿ ಒಂದು ಪಾಲು! ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ತೂರಿ ಬಂದರೂ ಸಾಕು, ಮಾಲು ತಿರಸ್ಕಾರವಾಗಬಹುದು. ಸುಂಕದ ಕಥೆಯೂ ಇದೆ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ದೇಶದ ಅನೇಕ ಸರಕುಗಳ ಮೇಲೆ ಶೇಕಡ 50 ಸುಂಕ ಹೇರಿತು. ಇಂಥ ಹೊಡೆತ ಯಾರ ತಲೆಗೆ ಅನ್ನೋದು ಕರಾರಿನಲ್ಲಿ ಇರಬೇಕು.

ಹಾಗಂತ ಪರದೇಶದ ಪೇಟೆ ಬೇಡ ಅನ್ನೋದಿಲ್ಲ. ಟೊಮೇಟೊ ನಂಬಿ ರಸ್ತೆಗೆ ಸುರಿದವರು ಇಲ್ಲೇ ಕೂತಿದ್ದೀರಿ. 2022ರಲ್ಲಿ ಸರ್ಕಾರ ಹೇಳಿದ ಲೆಕ್ಕ ಹೀಗಿದೆ: ಎಕರೆಗೆ 4 ಟನ್, 90 ದಿನಕ್ಕೆ 80,000 ರೂಪಾಯಿ ಹುಟ್ಟುವಳಿ, ಖರ್ಚು ಕಳೆದು 40,000 ಉಳಿತಾಯ. ಮನೆಮಂದಿಯ ಕೂಲಿಯನ್ನೂ ಹಿಡಿದು ನಿಮ್ಮ ಲೆಕ್ಕ ನೀವೇ ಹಾಕಿ.

ಬೀಜ ಊರುವ ಮೊದಲು ಕೇಳಿ: ಪ್ರತಿ ಗ್ರೇಡಿನ ದರ ಬರೆದುಕೊಡುತ್ತೀರಾ? ಗಾಡಿ ಬಾರದಿದ್ದರೆ ನಷ್ಟ ಯಾರದು? ದುಡ್ಡು ಎಷ್ಟು ದಿನಕ್ಕೆ? ಮಾಲು ತಿರಸ್ಕರಿಸಿದರೆ ಪರೀಕ್ಷೆಯ ಕಾಗದ ತೋರಿಸುತ್ತೀರಾ? ಕರಾರು ಕನ್ನಡದಲ್ಲೇ ಇರಲಿ.

ಒಬ್ಬನೇ ಕೇಳಿದರೆ ಅವರು ಮುಂದಿನ ಊರಿಗೆ ಹೋಗುತ್ತಾರೆ. ಹತ್ತು ಊರು ಕೂಡಿ ಕೇಳಿದರೆ ಕೂತು ಮಾತಾಡುತ್ತಾರೆ. ಅವರ ಕಾರ್ಖಾನೆಗೆ ದಿನಾ ಕಾಯಿ ಬೇಕು. ಅದು ಇರೋದು ನಮ್ಮ ಬಳ್ಳಿಯಲ್ಲಿ. ಇದನ್ನು ಮರೆಯಬೇಡಿ.