ಸಿನಿಮಾ ಹೇಗಿತ್ತು?

ಸಿನಿಮಾ ನೋಡಿ ಮನೆಗೆ ಬಂದವರಿಗೆ ಬಾಗಿಲಲ್ಲೇ ಕಾದಿರುವ ಪ್ರಶ್ನೆ ಒಂದೇ: "ಹೇಗಿತ್ತು?" ಎರಡು ಮೂರು ಗಂಟೆ ಕಾಲ ಕಣ್ಣು ಕಿವಿಗಳನ್ನು ಒಪ್ಪಿಸಿ ಕುಳಿತು ಬಂದವರು ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ಎರಡು ಮಾತು ಮೀರುವುದಿಲ್ಲ. "ಚೆನ್ನಾಗಿತ್ತು", "ಪರವಾಗಿಲ್ಲ", "ಒಂದು ಸಲ ನೋಡಬಹುದು", "ದುಡ್ಡು ದಂಡ". ಬಹಳ ಮೆಚ್ಚಿದರೆ "ಸಂಸಾರಸಮೇತ ಹೋಗಬಹುದು" ಎಂಬ ಯೋಗ್ಯತಾಪತ್ರ. ಈಗಂತೂ ಆ ಎರಡು ಮಾತನ್ನೂ ಉಳಿಸಿ, ಐದರಲ್ಲಿ ಮೂರು ನಕ್ಷತ್ರ ಎಂದು ಬೆರಳಿನಲ್ಲಿ ಒತ್ತಿ ಮುಗಿಸುವವರೂ ಇದ್ದಾರೆ.

ಇದನ್ನು ಕೇಳಿ ನಮ್ಮ ಪ್ರೇಕ್ಷಕರಿಗೆ ವಿಮರ್ಶೆಯೇ ತಿಳಿಯದು ಎಂದು ನಗುವ ವಿದ್ವಾಂಸರುಂಟು. ಆದರೆ ಈ ಪುಟ್ಟ ಮಾತುಗಳನ್ನೇ ಸ್ವಲ್ಪ ಬಿಡಿಸಿ ನೋಡಿ. "ದುಡ್ಡು ದಂಡ" ಎಂದವನ ಕೈಯಲ್ಲಿ ವ್ಯಾಪಾರಿಯ ತಕ್ಕಡಿ ಇದೆ. "ಒಂದು ಸಲ ನೋಡಬಹುದು" ಎಂದವನು, ಒಳ್ಳೆಯದು ಎಂದರೆ ಮತ್ತೆ ಮತ್ತೆ ನೋಡುವಂಥದು ಎಂದು ಒಪ್ಪಿಕೊಂಡೇ ಮಾತನಾಡುತ್ತಿದ್ದಾನೆ. "ಸಂಸಾರಸಮೇತ" ಎಂದವನ ಕಣ್ಣು ಅರ್ಧ ತೆರೆಯ ಮೇಲೆ, ಇನ್ನರ್ಧ ಪಕ್ಕದಲ್ಲಿ ಕುಳಿತ ಅತ್ತೆ ಮಾವಂದಿರ ಮೇಲೆ. ಇನ್ನು "ಅಳಿಸಿಬಿಟ್ಟ ಕಣ್ರೀ" ಎಂಬುದು ಎಂಥ ವಿಚಿತ್ರ ಹೊಗಳಿಕೆ! ಗಿರಾಕಿ ಕಣ್ಣೊರಸಿಕೊಂಡು ಹೊರಟರೆ ಮೆಚ್ಚುಗೆ ಎನ್ನಿಸುವ ಕಸುಬು ಬೇರೆ ಯಾವುದಿದೆ?

ನೋಡುವವರು ತಮ್ಮ ಮೆಚ್ಚಿಗೆಯನ್ನು ಹೇಗೆ ಹೇಳುತ್ತಾರೆ ಎಂಬುದು ನಮ್ಮಲ್ಲಿ ಹೊಸ ವಿಚಾರವೇನಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಇದಕ್ಕೇ ಮೀಸಲಾಗಿದೆ. ಆಟ ಗೆದ್ದಿತು ಎಂಬುದನ್ನು ಭರತ 'ಸಿದ್ಧಿ' ಎನ್ನುತ್ತಾನೆ. ಅದರಲ್ಲಿ ಎರಡು ಬಗೆ. ಮಾನುಷೀ ಸಿದ್ಧಿಯಲ್ಲಿ ಸಭಿಕರು ಮುಗುಳ್ನಗುತ್ತಾರೆ, ಗೊಳ್ಳೆಂದು ನಗುತ್ತಾರೆ, 'ಭಲೇ' ಎನ್ನುತ್ತಾರೆ, 'ಅಯ್ಯೋ ಕಷ್ಟ' ಎಂದು ಮರುಗುತ್ತಾರೆ. ಮೈ ಜುಮ್ಮೆಂದು ಎದ್ದು ನಿಲ್ಲುತ್ತಾರೆ. ಹೊದ್ದ ಬಟ್ಟೆಯನ್ನೇ ತೆಗೆದು ಕೊಟ್ಟುಬಿಡುತ್ತಾರೆ. ಟೆಂಟ್ ಸಿನಿಮಾದ ಗಾಂಧಿ ಕ್ಲಾಸಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಿಳ್ಳೆ ಹೊಡೆದು ಪರದೆಯ ಮೇಲೆ ಚಿಲ್ಲರೆ ಎಸೆಯುತ್ತಿದ್ದವರು ಭರತಮುನಿಯ ಲಕ್ಷಣವನ್ನೇ ಪಾಲಿಸುತ್ತಿದ್ದರು! ಎರಡನೆಯದು ದೈವಿಕೀ ಸಿದ್ಧಿ. ಅಲ್ಲಿ ಸದ್ದಿಲ್ಲ, ಗದ್ದಲವಿಲ್ಲ. ರಂಗಮಂದಿರ ತುಂಬಿದೆ, ಆದರೆ ಎಲ್ಲವೂ ನಿಶ್ಶಬ್ದ. ಮಾತು ಹೊರಡದಿರುವುದೇ ಅಲ್ಲಿ ಪರಮ ಮೆಚ್ಚಿಗೆ.

ಭರತ ಇನ್ನೂ ಒಂದು ಸೂಕ್ಷ್ಮವನ್ನು ಬಲ್ಲ. ಎಲ್ಲರ ರುಚಿಯೂ ಒಂದಲ್ಲ: ಹರೆಯದವರಿಗೆ ಶೃಂಗಾರ ಬೇಕು, ಶೂರರಿಗೆ ಕಾಳಗ ಬೇಕು, ಮುದುಕರಿಗೆ ಪುರಾಣಕಥೆ ಬೇಕು. ಆಟದ ಗುಣದೋಷಗಳ ಬಗ್ಗೆ ವಾದ ಎದ್ದರೆ ತೀರ್ಪು ಹೇಳಲು ಅವನು ಹತ್ತು ಮಂದಿ ಪ್ರಾಶ್ನಿಕರನ್ನು ನೇಮಿಸುತ್ತಾನೆ. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು, ಮಾತಿನ ಶುದ್ಧಿಗೆ ವ್ಯಾಕರಣ ಬಲ್ಲವನು, ಬಿಲ್ಲು ಹಿಡಿದ ಭಂಗಿಗೆ ಬಿಲ್ಗಾರ, ಹಾಡಿಗೆ ಗಾಯಕ. ರಾಜನೂ ಇದ್ದಾನೆ, ವೇಶ್ಯೆಯೂ ಇದ್ದಾಳೆ. ಯಾರು ಯಾವುದನ್ನು ಬಲ್ಲರೋ ಅದರಲ್ಲಿ ಅವರ ಮಾತೇ ಪ್ರಮಾಣ. ಇದು ಎಂಥ ಉದಾರವಾದ ವ್ಯವಸ್ಥೆ! ನಾಯಕನು ನೇಗಿಲು ಹಿಡಿದ ರೀತಿಯನ್ನು ನೋಡಿ "ಇವನು ಉತ್ತವನಲ್ಲ" ಎಂದು ರೈತ ನಕ್ಕರೆ, ಅಲ್ಲಿ ರೈತನೇ ಪಂಡಿತ. ಸೀರೆಯ ನೆರಿಗೆ ಆ ಕಾಲದ್ದಲ್ಲ ಎಂದು ಅಜ್ಜಿ ಗೊಣಗಿದರೆ ಅಜ್ಜಿಯೇ ಪ್ರಾಶ್ನಿಕಳು.

ನಮ್ಮ ಕನ್ನಡ ಚಿತ್ರಗಳಿಗೂ ಹೀಗೆ ಹಲವು ತಕ್ಕಡಿಗಳು ಬಿದ್ದಿವೆ. 1934ರಲ್ಲಿ 'ಸತಿ ಸುಲೋಚನ' ತೆರೆ ಕಂಡಾಗ, ಅದನ್ನು ನೋಡಲು ಹೋದವರಿಗೆ ಕಥೆ ಮೊದಲೇ ಗೊತ್ತಿತ್ತು; ನಾಟಕದ ಕಂಪನಿಗಳು ತೋರಿಸಿದ್ದ ಅಳತೆಗೋಲೂ ಕೈಯಲ್ಲಿತ್ತು. 'ಸಂಸ್ಕಾರ' ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಅದೇ ಚಿತ್ರ ಬಿಡುಗಡೆಯಾಗಿ, 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದಾಗ, ತ. ರಾ. ಸು. ಅವರ ಕಾದಂಬರಿಗಳನ್ನು ಓದಿದ್ದವರು ಒಂದು ಕಣ್ಣಿನಿಂದ ನೋಡಿದರು, ಓದದವರು ಇನ್ನೊಂದು ಕಣ್ಣಿನಿಂದ ನೋಡಿದರು. ಓದಿದವರು ತಮ್ಮ ಮನಸ್ಸಿನಲ್ಲಿ ಮೊದಲೇ ಒಂದು ಚಿತ್ರ ತೆಗೆದಿಟ್ಟುಕೊಂಡಿದ್ದರು. ಅದರೊಡನೆ ಸ್ಪರ್ಧಿಸಿ ಗೆಲ್ಲುವುದು ಯಾವ ನಿರ್ದೇಶಕನಿಗೂ ಸುಲಭವಲ್ಲ.

ಇಷ್ಟೆಲ್ಲ ಬಲ್ಲವನಂತೆ ಮಾತನಾಡುತ್ತಿರುವ ನಾನು, ಈ ವಿಷಯದಲ್ಲಿ ಒಮ್ಮೆ ತಪ್ಪಿದವನು. ಅದನ್ನು ಹೇಳದೆ ಈ ಭಾಷಣ ಮುಗಿಸುವುದು ಸರಿಯಲ್ಲ.

ನನ್ನ ಸೋದರತ್ತೆ ಒಬ್ಬರು ನಮ್ಮ ಮನೆಯಲ್ಲಿಯೇ ಇದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ವರ್ಷಕ್ಕೆ ಎರಡೋ ಮೂರೋ ಸಿನಿಮಾ ಅವರ ಪಾಲಿಗೆ. ನೋಡಿ ಬಂದರೆಂದರೆ ವಾರವೆಲ್ಲ ಅದರ ಕಥೆ. ಮಧ್ಯಾಹ್ನ ಹೂಬತ್ತಿ ಹೊಸೆಯುತ್ತ, ಅಕ್ಕಿ ಆರಿಸುತ್ತ, ನೆರೆಮನೆಯ ಹೆಂಗಸರಿಗೆ ಹೇಳುವರು. ಮೊದಲಿನಿಂದ ಕೊನೆಯವರೆಗೆ ಹೇಳುವ ಕ್ರಮ ಅವರದಲ್ಲ. ಯಾರು ಯಾರಿಗೆ ಅನ್ಯಾಯ ಮಾಡಿದರು ಎಂಬಲ್ಲಿಂದ ಆರಂಭ. ನಟರ ಹೆಸರು ಬೇಕಿಲ್ಲ, ನಿರ್ದೇಶಕ ಎಂಬವನೊಬ್ಬ ಇದ್ದಾನೆಂಬ ಗೊಡವೆಯೇ ಇಲ್ಲ.

1972ರಲ್ಲಿ 'ಬಂಗಾರದ ಮನುಷ್ಯ' ಬಂದಿತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿದ ಚಿತ್ರ ಅದು. ಅಕ್ಕನ ಸಂಸಾರಕ್ಕಾಗಿ ಬಾಳು ತೇಯ್ದ ರಾಜೀವ, ಕೊನೆಗೆ ಅಕ್ಕನ ಮಗ ಆಡಿದ ಮಾತಿಗೆ ನೊಂದು, ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು ಮನೆಯಿಂದ ಹೊರಟುಹೋಗುತ್ತಾನೆ. ನಾನಾಗ ಕಾಲೇಜು ಹುಡುಗ. ಫಿಲಂ ಸೊಸೈಟಿಯೊಂದರ ಸದಸ್ಯ. ತಲೆಯ ತುಂಬ ಓದಿದ ಶಬ್ದಗಳು. ಸಿನಿಮಾ ನೋಡಿ ಬಂದ ಅತ್ತೆಯನ್ನು "ಹೇಗಿತ್ತು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಣ್ಣುತ್ತಿದ್ದವನನ್ನು ಎಬ್ಬಿಸಬಾರದಿತ್ತು, ಮಗೂ" ಎಂದರು.

ನಾನು ನಕ್ಕೆ. "ಅತ್ತೆ, ಅದು ಕಥೆಯಲ್ಲಿ ಆದದ್ದು. ನಾನು ಕೇಳಿದ್ದು ಸಿನಿಮಾ ಹೇಗಿತ್ತು ಅಂತ. ನಿಮಗೆ ಅಭಿಪ್ರಾಯ ಹೇಳೋಕೆ ಬರೋಲ್ಲ" ಎಂದೆ. ಛಾಯಾಗ್ರಹಣ, ಸಂಕಲನ, ಭಾವಾತಿರೇಕ ಎಂದು ಏನೇನೋ ಪಾಠ ಹೇಳಿದೆ. ಅವರು ತಲೆದೂಗಿ ಒಳಗೆ ಹೋದರು. ಆ ವಾರ ಹೂಬತ್ತಿ ಹೊಸೆಯುವಾಗ ಕಥೆ ಇರಲಿಲ್ಲ. ಆಮೇಲೂ ನಾನು ಮನೆಯಲ್ಲಿರುವಾಗ ಅವರು ಸಿನಿಮಾದ ಮಾತೆತ್ತಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ನನ್ನ ತಾಯಿ ಒಂದು ಸಂಗತಿ ಹೇಳಿದರು. ಗಂಡ ಸತ್ತ ಮರುವರ್ಷ, ಒಂದು ಮಧ್ಯಾಹ್ನ, ಅತ್ತೆ ಎಲೆಯ ಮುಂದೆ ಕುಳಿತು ಇನ್ನೂ ಎರಡು ತುತ್ತು ಉಂಡಿರಲಿಲ್ಲವಂತೆ. ಮೈದುನ ಬಂದು, ಮನೆಗೆ ತಂದ ಅಕ್ಕಿ ಯಾರ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಲೆಕ್ಕ ಕೇಳಿದನಂತೆ. ಅತ್ತೆ ಕೈ ತೊಳೆದು ಎದ್ದರು. ಸಂಜೆಯ ಬಸ್ಸಿಗೆ ನಮ್ಮ ಮನೆಗೆ ಬಂದರು. ಮತ್ತೆ ಆ ಊರಿಗೆ ಹೋಗಲಿಲ್ಲ.

ಆ ಚಿತ್ರದ ಬಗ್ಗೆ ನಾನು ಆಡಿದ ಮಾತೆಲ್ಲ ಇನ್ನೊಬ್ಬರದು. ಅತ್ತೆ ಆಡಿದ ಆ ಒಂದು ಮಾತು ಅವರ ಸ್ವಂತದ್ದು. ಭರತನ ಸಭೆಯಾಗಿದ್ದರೆ ಆ ದೃಶ್ಯಕ್ಕೆ ಪ್ರಾಶ್ನಿಕಳಾಗಿ ಕೂರಬೇಕಾಗಿದ್ದವರು ಅವರೇ. ಅವರನ್ನು ಸಭೆಯಿಂದ ಎಬ್ಬಿಸಿದವನು ನಾನು.

ಹಾಗೆಂದು ಕಣ್ಣೀರು ಬಂದದ್ದೆಲ್ಲ ಒಳ್ಳೆಯ ಚಿತ್ರವೆಂದು ನಾನು ವಾದಿಸುವುದಿಲ್ಲ. ಈರುಳ್ಳಿ ಹೆಚ್ಚಿದರೂ ಕಣ್ಣೀರು ಬರುತ್ತದೆ. ಈ ಅಳು ಚಿತ್ರದಿಂದ ಬಂತೋ, ನನ್ನ ನೆನಪಿನಿಂದ ಬಂತೋ, ಬರಿಯ ಪಿಟೀಲಿನ ಹಿನ್ನೆಲೆಯಿಂದ ಬಂತೋ ಎಂದು ಕೇಳಿಕೊಳ್ಳುವುದೇ ವಿವೇಕ; ಕುಸುರಿ ಬಲ್ಲವರ ಮಾತು ಅಲ್ಲಿ ನಮಗೆ ಬೇಕು. ಆದರೆ ಕೇಳಿಕೊಳ್ಳಲು ಮೊದಲು ಅಳು ನಮ್ಮದಾಗಿರಬೇಕು. ನೂರು ದಿನ ಓಡಿತು, ಎಲ್ಲರೂ ಹೊಗಳಿದರು, ನಾಲ್ಕು ನಕ್ಷತ್ರ ಬಿತ್ತು ಎಂಬುದು ಊರಿನ ಸುದ್ದಿಯಾದೀತು, ನಮ್ಮ ಅಭಿಪ್ರಾಯವಾಗದು.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಸಣ್ಣ ಬಿನ್ನಹ. ಮುಂದಿನ ಸಲ ಮನೆಯವರು ಸಿನಿಮಾ ನೋಡಿ ಬಂದಾಗ "ಹೇಗಿತ್ತು?" ಎಂದು ಕೇಳಿ ಅಲ್ಲಿಗೇ ಬಿಡಬೇಡಿ. "ಯಾವ ಜಾಗ ನಿಮ್ಮ ಮನಸ್ಸಿನಲ್ಲಿ ನಿಂತಿತು?" ಎಂದು ಕೇಳಿ. ಉತ್ತರ ತಡವಾಗಿ ಬಂದೀತು, ಸಿನಿಮಾಕ್ಕೆ ಸಂಬಂಧವೇ ಇಲ್ಲವೆನ್ನಿಸೀತು. ನಗಬೇಡಿ, ಸ್ವಲ್ಪ ಹೊತ್ತು ಕಾಯಿರಿ.